ಕೈ ಯಾವುದು, ಕಡೆ ಯಾವುದು

ಮಂಗಳೂರಿನಲ್ಲಿ ಮನಃಶಾಸ್ತ್ರ ಎಂ.ಎಸ್ಸಿ. ಕೊನೆಯ ವರ್ಷದ ಪ್ರಬಂಧಕ್ಕೆ ವಿಷಯ ಕೇಳಲು ಹೋದಾಗ ನನ್ನ ಮಾರ್ಗದರ್ಶಕಿ ಇಟ್ಟ ಷರತ್ತು ಒಂದೇ. "ಹೊಸದೇನನ್ನೂ ಕಂಡುಹಿಡಿಯುವುದು ಬೇಡ. ಯಾರೋ ಮಾಡಿದ್ದನ್ನು ಸರಿಯಾಗಿ ಮತ್ತೊಮ್ಮೆ ಮಾಡಿ ತೋರಿಸು, ಸಾಕು." ಸಹಪಾಠಿಗಳೆಲ್ಲ ಮೊಬೈಲ್ ಚಟ, ಪರೀಕ್ಷಾ ಭಯ ಎಂದು ಪ್ರಶ್ನಾವಳಿ ಹಂಚಲು ಹೊರಟಿದ್ದರು. ನನಗೆ ಅಂಥದ್ದು ಬೇಡವಾಗಿತ್ತು. ಪದವಿಯಲ್ಲಿ ಗಣಕ ವಿಜ್ಞಾನ ಓದಿದ್ದವಳಾದ್ದರಿಂದ ಪ್ರೋಗ್ರಾಂ ಬರೆಯುವ ಕೆಲಸವಿದ್ದರೆ ಒಳ್ಳೆಯದು ಎಂದೆ. ಮೇಡಂ ಕಪಾಟಿನಿಂದ ಒಂದು ಲೇಖನದ ಪ್ರತಿ ತೆಗೆದುಕೊಟ್ಟರು. ರಿಚರ್ಡ್ ಕೂಪರ್, ಕ್ಯಾರೊಲಿನ್ ಕ್ಯಾಟ್‌ಮರ್, ಸಿಸಿಲಿಯಾ ಹೇಯ್ಸ್ ಎಂಬ ಮೂವರು 2013ರಲ್ಲಿ ಪ್ರಕಟಿಸಿದ್ದು. ಅನುಕರಣೆ ಮತ್ತು ಎಡ–ಬಲಗಳ ಹೊಂದಾಣಿಕೆ, ಇವೆರಡರ ಹಿಂದೆ ಮನಸ್ಸಿನಲ್ಲಿ ನಡೆಯುವುದು ಒಂದೇ ಬಗೆಯ ಕೆಲಸವೋ ಬೇರೆ ಬೇರೆ ಬಗೆಯದೋ ಎಂಬುದು ಪ್ರಶ್ನೆ. ಉತ್ತರ ಹುಡುಕಲು ಅವರು ಒಂದು ಗಣಕ ಮಾದರಿಯನ್ನು ಕಟ್ಟಿದ್ದರು.

ಪ್ರಶ್ನೆ ಎಲ್ಲಿಂದ ಹುಟ್ಟಿತು ಎಂಬುದನ್ನು ಮೊದಲು ಹೇಳಬೇಕು. ಎದುರಿನವರು ತೋರುಬೆರಳು ಅಲ್ಲಾಡಿಸುವುದನ್ನು ನೋಡುತ್ತಿರುವಾಗ ನಾವೂ ತೋರುಬೆರಳನ್ನೇ ಅಲ್ಲಾಡಿಸುವುದು ಸುಲಭ, ಬೇರೆ ಬೆರಳನ್ನು ಅಲ್ಲಾಡಿಸುವುದು ತುಸು ನಿಧಾನ. ನೋಡಿದ್ದಕ್ಕೂ ಮಾಡಬೇಕಾದದ್ದಕ್ಕೂ ಸಂಬಂಧವೇ ಇಲ್ಲ ಎಂದು ಮೊದಲೇ ಹೇಳಿದ್ದರೂ ಹೀಗೇ ಆಗುತ್ತದೆ. ಮಾರ್ಸೆಲ್ ಬ್ರಾಸ್ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಅಳೆದು ತೋರಿಸಿದರು. ಕನ್ನಡಿ ನರಕೋಶಗಳ ಹೆಸರು ಎಲ್ಲರ ಬಾಯಲ್ಲಿದ್ದ ಕಾಲ ಅದು. ಇಟಲಿಯ ಪಾರ್ಮಾದಲ್ಲಿ ಮಂಗಗಳ ಮಿದುಳಿನಲ್ಲಿ ಕಂಡ, ತಾನು ಮಾಡಿದಾಗಲೂ ಇನ್ನೊಬ್ಬರು ಮಾಡುವುದನ್ನು ನೋಡಿದಾಗಲೂ ಸ್ಪಂದಿಸುವ ಆ ಕೋಶಗಳ ಮೊದಲ ವರದಿ 1992ರದು. ಬೆರಳಿನ ಈ ಪ್ರಯೋಗವನ್ನು ಮನುಷ್ಯರಲ್ಲಿ ಅವುಗಳ ಅಳತೆಗೋಲೆಂದು ಹಲವರು ಹಿಡಿದರು.

ತಕರಾರು ಬರುವುದು ಇಲ್ಲೇ. ಚಿತ್ರದ ಕೈಯಲ್ಲಿ ತೋರುಬೆರಳು ಎಡಗಡೆ ಇದ್ದು, ನನ್ನ ಕೈಯಲ್ಲೂ ಎಡಗಡೆಯೇ ಇದ್ದರೆ, ನಾನು ಬೇಗ ಸ್ಪಂದಿಸಿದ್ದು ಬೆರಳನ್ನು ನೋಡಿಯೋ ಎಡಗಡೆಯನ್ನು ನೋಡಿಯೋ? ಕಡೆಯ ಪ್ರಭಾವ ಬಹಳ ಹಳೆಯ ಸಂಗತಿ. ದೀಪಗಳ ಜೋಡಣೆಗೂ ಕೈ ಚಲಿಸಬೇಕಾದ ದಿಕ್ಕುಗಳ ಜೋಡಣೆಗೂ ಹೊಂದಾಣಿಕೆ ಇದ್ದರೆ ಕೆಲಸ ಚುರುಕಾಗುತ್ತದೆ ಎಂದು ಫಿಟ್ಸ್ ಮತ್ತು ಸೀಗರ್ 1953ರಲ್ಲೇ ತೋರಿಸಿದ್ದರು. 1967ರಲ್ಲಿ ಸೈಮನ್ ಮತ್ತು ರುಡೆಲ್ ಜನರಿಗೆ ಹೆಡ್‌ಫೋನ್ ಹಾಕಿ ‘ಎಡ’, ‘ಬಲ’ ಎಂಬ ಪದಗಳನ್ನು ಕೇಳಿಸಿದರು. ಯಾವ ಕಿವಿಯಲ್ಲಿ ಕೇಳಿಸಿತು ಎಂಬುದಕ್ಕೆ ಬೆಲೆಯಿಲ್ಲ, ಪದ ಹೇಳಿದ ಗುಂಡಿ ಒತ್ತಿದರಾಯಿತು. ಆದರೂ ‘ಬಲ’ ಎಂಬುದು ಎಡಗಿವಿಯಲ್ಲಿ ಬಂದರೆ ಕೈ ತಡವರಿಸಿತು. ಸೈಮನ್ ಪರಿಣಾಮ ಎಂದು ಹೆಸರಾದದ್ದು ಇದೇ. ಮನೆಯಲ್ಲಿ ದೀಪದ ಸ್ವಿಚ್ಚನ್ನು ಬಾಗಿಲಿನ ಆಚೆ ಬದಿಗೆ ಹಾಕಿಸಿದ ಮೇಲೂ ಕೈ ಹಳೆಯ ಬದಿಗೇ ಹೋಗುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬೆರಳನ್ನೂ ಕಡೆಯನ್ನೂ ಬಿಡಿಸಿ ಅಳೆಯುವ ಉಪಾಯವನ್ನು ಕ್ಯಾಟ್‌ಮರ್ ಮತ್ತು ಹೇಯ್ಸ್ 2011ರಲ್ಲಿ ಮಾಡಿದ್ದರು. ನಾನು ಮೊದಲು ಮಾಡಬೇಕಾಗಿದ್ದುದು ಅದನ್ನೇ ನಮ್ಮ ಕೈಗೆಟುಕುವ ಸಾಮಗ್ರಿಯಲ್ಲಿ ಮತ್ತೆ ಮಾಡುವುದು.

ನನ್ನ ಮನೆ ಉಡುಪಿಯ ಕಡೆ, ಕಟಪಾಡಿ ಹತ್ತಿರದ ಶಂಕರಪುರ. ಶನಿವಾರ ಮನೆಗೆ ಬಂದವಳು ತಮ್ಮನನ್ನು ಹಿಡಿದು ಕೂರಿಸಿ ಅವನ ಬಲಗೈಯ ಹಿಂಬದಿಯ ಫೋಟೋ ತೆಗೆದೆ. ಬೆರಳುಗಳು ಮೇಲ್ಮುಖವಾಗಿ, ಹಿನ್ನೆಲೆಗೆ ಕಪ್ಪು ಬಟ್ಟೆ. ಒಂದು ಚಿತ್ರದಲ್ಲಿ ಕೈ ಸುಮ್ಮನಿದೆ, ಇನ್ನೊಂದರಲ್ಲಿ ತೋರುಬೆರಳು ಹೊರಕ್ಕೆ ಚಾಚಿದೆ, ಮತ್ತೊಂದರಲ್ಲಿ ಕಿರುಬೆರಳು. ಸುಮ್ಮನಿರುವ ಚಿತ್ರದ ಬೆನ್ನಿಗೆ ಚಾಚಿದ ಚಿತ್ರ ತೋರಿಸಿದರೆ ಕಣ್ಣಿಗೆ ಬೆರಳು ಚಲಿಸಿದಂತೆಯೇ ಕಾಣುತ್ತದೆ, ವಿಡಿಯೋ ಬೇಕಾಗಿಲ್ಲ. ಎಡಗೈಯ ಫೋಟೋ ತೆಗೆಯಲೇ ಇಲ್ಲ. ಬಲಗೈಯ ಚಿತ್ರಗಳನ್ನೇ ಅಡ್ಡಲಾಗಿ ಮಗುಚಿದರೆ ಎಡಗೈ ಸಿಕ್ಕಿತು, ಅದೂ ಬಣ್ಣ, ಬೆಳಕು, ಗಾತ್ರ ಯಾವುದರಲ್ಲೂ ಕೂದಲೆಳೆಯ ವ್ಯತ್ಯಾಸವಿಲ್ಲದೆ. ಇಡೀ ಪ್ರಯೋಗದ ಜಾಣತನ ಇರುವುದು ಈ ಮಗುಚುವುದರಲ್ಲೇ. ಪ್ರಯೋಗಕ್ಕೆ ಬಂದವರು ಬಲಗೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಡುತ್ತಾರೆ. ಅವರ ತೋರುಬೆರಳು ಹೊರಕ್ಕೆ ಹೋಗುವುದೆಂದರೆ ಎಡಕ್ಕೆ, ಕಿರುಬೆರಳು ಬಲಕ್ಕೆ. ಪರದೆಯಲ್ಲಿ ಬಲಗೈ ಕಂಡರೆ ಬೆರಳೂ ಕಡೆಯೂ ಕೂಡಿಬರುತ್ತವೆ. ಎಡಗೈ ಕಂಡರೆ ತೋರುಬೆರಳು ಬಲಕ್ಕೆ ಚಲಿಸುತ್ತದೆ: ಬೆರಳು ನನ್ನದೇ, ಕಡೆ ಎದುರು. ಬೆರಳು ಕೂಡಿ ಕಡೆ ಕೂಡದ್ದು, ಕಡೆ ಕೂಡಿ ಬೆರಳು ಕೂಡದ್ದು, ಎರಡೂ ಕೂಡಿದ್ದು, ಎರಡೂ ಕೂಡದ್ದು, ಹೀಗೆ ನಾಲ್ಕು ಮನೆಗಳು ಸಿಗುತ್ತವೆ.

ಮಾಡಬೇಕಾದ ಕೆಲಸ ಮಾತ್ರ ಬಣ್ಣಕ್ಕೆ ಕಟ್ಟುಬಿದ್ದದ್ದು. ಕೈಯ ನಡುವೆ ಕೇಸರಿ ಚುಕ್ಕೆ ಬಂದರೆ ತೋರುಬೆರಳು ಚಾಚಬೇಕು, ನೇರಳೆ ಬಂದರೆ ಕಿರುಬೆರಳು. ಪರದೆಯ ಬೆರಳು ಏನು ಮಾಡಿದರೂ ಲೆಕ್ಕಕ್ಕಿಲ್ಲ.

ಸಾಮಾನ್ಯ ಕೀಲಿಮಣೆಯಲ್ಲಿ ಬೆರಳನ್ನು ಪಕ್ಕಕ್ಕೆ ಚಾಚಿ ಒತ್ತುವುದು ಹಿಂಸೆ. ಹಳೆಯ ಮೌಸೊಂದನ್ನು ಬಿಚ್ಚಿ, ಅದರ ಎರಡು ಗುಂಡಿಗಳ ಪುಟ್ಟ ಸ್ವಿಚ್ಚುಗಳಿಗೆ ಉದ್ದ ವೈರು ಬೆಸೆದು, ಒಂದು ಹಲಗೆಯ ಮೇಲೆ ಕೈಯ ಎರಡು ಬದಿಗೆ ನಿಲ್ಲಿಸಿದೆ. ಬೆಸುಗೆಯ ಕೆಲಸ ಮಾಡಿಕೊಟ್ಟದ್ದು ಹಂಪನಕಟ್ಟೆಯ ಹತ್ತಿರದ ರಿಪೇರಿ ಅಂಗಡಿಯವರು. ಎಂತಕ್ಕೆ ಎಂದು ಕೇಳಿದರು. ವಿವರಿಸಿದೆ. "ಅಷ್ಟೊಂದು ಓದಿ ಬೆರಳು ಎಣಿಸುವುದಾ!" ಎಂದು ನಕ್ಕು, ಹಲಗೆಗೆ ಹಣ ಹಿಡಿಯಲಿಲ್ಲ. ಕೈಯ ಅಗಲ ಒಬ್ಬೊಬ್ಬರದು ಒಂದೊಂದು ಬಗೆ ಎಂದು ಸ್ವಿಚ್ಚುಗಳನ್ನು ಹಿಂದೆ ಮುಂದೆ ಸರಿಸಲು ಬರುವಂತೆ ಸ್ಕ್ರೂ ಹಾಕಿಸಿಕೊಟ್ಟ ಬುದ್ಧಿಯೂ ಅವರದೇ.

ಪ್ರಯೋಗ ನಡೆಸಲು ಸೈಕೋಪೈ ಎಂಬ ಉಚಿತ ತಂತ್ರಾಂಶವಿದೆ. ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಅಂದರೆ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್. ಸೈಮನ್ ಪರಿಣಾಮದ ಗಾತ್ರ, ಅಂದರೆ ಕಡೆ ಕೂಡದಿದ್ದಾಗ ಆಗುವ ಹೆಚ್ಚಿನ ತಡ, ಸಾಮಾನ್ಯವಾಗಿ 20–30 ಮಿಲಿಸೆಕೆಂಡ್ ಎಂದು ನೆನಪಿಟ್ಟುಕೊಂಡರೆ ಒಂದೆರಡು ಚಿತ್ರ ಹಿಂದುಮುಂದಾದರೂ ಎಂಥ ಅನಾಹುತ ಎಂಬುದು ತಿಳಿಯುತ್ತದೆ. ಆದ್ದರಿಂದ ಸಮಯವನ್ನೆಲ್ಲ ಮಿಲಿಸೆಕೆಂಡಿನಲ್ಲಿ ಬರೆಯದೆ ಚಿತ್ರಗಳ ಲೆಕ್ಕದಲ್ಲಿ ಬರೆದೆ. 100 ಮಿಲಿಸೆಕೆಂಡ್ ಬೇಕಾದಲ್ಲಿ ಆರು ಚಿತ್ರ. ಮಳೆಗಾಲ ಬೇರೆ. ಕರೆಂಟು ಹೋದರೆ ಕುಳಿತವರ ಆ ಸುತ್ತು ಪೂರ್ತಿ ಬಿಟ್ಟುಬಿಡಬೇಕು, ಯುಪಿಎಸ್ ಇದ್ದ ಮೂಲೆಯ ಕೋಣೆಗಾಗಿ ಭೌತಶಾಸ್ತ್ರದವರನ್ನು ಕಾಡಿ ಬೇಡಿ ಪಡೆದೆ.

ಬಂದವರು ಹೆಚ್ಚಾಗಿ ಕಿರಿಯ ತರಗತಿಯವರು, ಹಾಸ್ಟೆಲಿನ ಗೆಳತಿಯರು. ಒಪ್ಪಿಗೆ ಪತ್ರಕ್ಕೆ ಸಹಿ, ಬಣ್ಣ ಗುರುತಿಸುವ ಪರೀಕ್ಷೆ, ಆಮೇಲೆ ಅಭ್ಯಾಸದ ಸುತ್ತು. ಗಮನಿಸಿ ನೋಡಿದರೆ ಸಂಖ್ಯೆಗಿಂತ ಮೊದಲೇ ಕೈ ಎಲ್ಲವನ್ನೂ ಹೇಳುತ್ತದೆ. ನೇರಳೆ ಚುಕ್ಕೆ ಬಂದು ಪರದೆಯಲ್ಲಿ ತೋರುಬೆರಳು ಚಾಚಿದಾಗ, ಕುಳಿತವರ ಕಿರುಬೆರಳು ಸ್ವಿಚ್ಚಿಗೆ ಮುಟ್ಟುವ ಮೊದಲು ತೋರುಬೆರಳಿನ ಬುಡದ ಸ್ನಾಯು ಒಮ್ಮೆ ಮಿಡಿದು ಸುಮ್ಮನಾಗುತ್ತದೆ. ಸ್ವಿಚ್ಚಿಗೆ ಅದು ಗೊತ್ತಾಗುವುದಿಲ್ಲ. ದತ್ತಾಂಶದಲ್ಲಿ ಅದು ಬರಿಯ ಒಂದು ನಿಧಾನ. ಕುಳಿತವರಿಗೂ ಎಷ್ಟೋ ಸಲ ಗೊತ್ತಾಗುವುದಿಲ್ಲ. "ನಾನು ಆ ಕೈಯನ್ನು ನೋಡಲೇ ಇಲ್ಲ" ಎಂದು ಖಡಾಖಂಡಿತವಾಗಿ ಹೇಳಿದವರ ಅಂಕಿಗಳಲ್ಲೂ ಪರಿಣಾಮ ಢಾಳಾಗಿ ಕಾಣುತ್ತಿತ್ತು.

ಊರಿನಲ್ಲಿ ದೊಡ್ಡಮ್ಮನನ್ನೂ ಕೂರಿಸಿ ನೋಡಿದೆ, ಪ್ರಬಂಧಕ್ಕಲ್ಲ, ನನ್ನ ಕುತೂಹಲಕ್ಕೆ. ಶಂಕರಪುರದ ಮಲ್ಲಿಗೆಯ ಹೆಸರು ಕೇಳದವರು ಕರಾವಳಿಯಲ್ಲಿಲ್ಲ. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುತ್ತಾರೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಮೊಗ್ಗು ಹಿಡಿದು ಬಲಗೈಯಲ್ಲಿ ನಾರಿನ ಕುಣಿಕೆ ಬಿಗಿಯುವ ಅವರ ವೇಗ ನೋಡಿದರೆ ಕಣ್ಣಿಗೆ ಬೆರಳು ಕಾಣುವುದಿಲ್ಲ, ಹೂವಿನ ಸಾಲು ಬೆಳೆಯುವುದಷ್ಟೇ ಕಾಣುತ್ತದೆ. ನಾನು ಹೂ ಕಟ್ಟಲು ಕಲಿತದ್ದು ಅವರ ಎದುರು ಚಾಪೆಯಲ್ಲಿ ಕುಳಿತು. ಎದುರು ಕುಳಿತವರ ಎಡಗೈ ನನ್ನ ಬಲಗಡೆಗೆ ಕಾಣುತ್ತದೆ. ಚಿಕ್ಕ ಮಕ್ಕಳು ಮೊದಮೊದಲು ಮೊಗ್ಗನ್ನು ಬಲಗೈಯಲ್ಲಿ ಹಿಡಿದು ಒದ್ದಾಡುವುದು ಇದಕ್ಕೇ. ಅವರು ಕೈಯನ್ನಲ್ಲ, ಕಡೆಯನ್ನು ಅನುಕರಿಸುತ್ತಿರುತ್ತಾರೆ. "ನಾನು ಹಾಗಾಗಿ ಪಕ್ಕದಲ್ಲೇ ಕೂರಿಸಿಕೊಳ್ಳುವುದು, ನೀನೇ ಹಟಮಾಡಿ ಎದುರು ಕೂತವಳು" ಎಂದರು ದೊಡ್ಡಮ್ಮ. ಯಕ್ಷಗಾನದ ಹೆಜ್ಜೆ ಕಲಿಸುವ ಗುರುಗಳು ಮಕ್ಕಳಿಗೆ ಬೆನ್ನು ಹಾಕಿ ನಿಂತು ಕುಣಿದು ತೋರಿಸುವುದನ್ನೂ, ಎದುರು ನಿಂತರೆ ತಾವೇ ಬಲಗಾಲಿನ ಬದಲು ಎಡಗಾಲು ಎತ್ತುವುದನ್ನೂ ನೋಡಿದ್ದೇನೆ. ಕಲಿಸುವವರಿಗೆ ಈ ಸಮಸ್ಯೆ ಪ್ರಯೋಗಶಾಲೆಗಳಿಗಿಂತ ಮೊದಲೇ ಗೊತ್ತು.

ಅಂದ ಹಾಗೆ, ಹಲಗೆಯ ಮೇಲೆ ಕೈಯಿಟ್ಟ ದೊಡ್ಡಮ್ಮ ನಾಲ್ಕು ಸಲ ಒತ್ತಿ, "ಇದರ ಬದಲು ಎರಡು ಚೆಂಡು ಕಟ್ಟಬಹುದಿತ್ತು ಮಾರಾಯ್ತಿ" ಎಂದು ಎದ್ದುಹೋದರು.

ದತ್ತಾಂಶ ಕೈಗೆ ಬಂದ ಮೇಲೆ ಸರಾಸರಿ ತೆಗೆದು ಸುಮ್ಮನಾಗುವಂತಿಲ್ಲ. ಒಬ್ಬೊಬ್ಬರ ಪ್ರತಿಕ್ರಿಯಾ ಸಮಯಗಳನ್ನೂ ನಾಲ್ಕು ಮನೆಗಳಲ್ಲಿ ಬೇರೆ ಬೇರೆಯಾಗಿ ಏರಿಕೆಯ ಕ್ರಮದಲ್ಲಿಟ್ಟು ಐದು ಸಮ ಪಾಲು ಮಾಡಬೇಕು. ಮೊದಲ ಪಾಲು ಅವರ ಅತಿ ಚುರುಕಿನ ಉತ್ತರಗಳದ್ದು, ಐದನೆಯದು ಅತಿ ನಿಧಾನದ್ದು. ಆಮೇಲೆ ಪಾಲಿನಿಂದ ಪಾಲಿಗೆ ಪರಿಣಾಮ ಹೇಗೆ ಬದಲಾಗುತ್ತದೆ ಎಂದು ನೋಡುವುದು. ಸೈಮನ್ ಪರಿಣಾಮ ನಿಧಾನದ ಉತ್ತರಗಳಲ್ಲಿ ಕರಗುತ್ತಾ ಹೋಗುತ್ತದೆ ಎಂದು 1994ರಲ್ಲೇ ಡಿ ಯಾಂಗ್ ಮತ್ತು ಸಂಗಡಿಗರು ತೋರಿಸಿದ್ದರು. ನನ್ನಲ್ಲೂ ಕಡೆಯ ಪರಿಣಾಮ ಚುರುಕಿನ ಪಾಲುಗಳಲ್ಲಿ ದೊಡ್ಡದಾಗಿದ್ದು ಆಮೇಲೆ ಇಳಿಯಿತು. ಬೆರಳಿನ ಪರಿಣಾಮ ಅದಕ್ಕೆ ತಿರುಗುಮುರುಗು: ಚುರುಕಿನ ಪಾಲುಗಳಲ್ಲಿ ಅಲ್ಪ, ನಿಧಾನವಾದಷ್ಟೂ ಹೆಚ್ಚು. ಕಡೆ ಕೂಡಿಬಂದಾಗಲೂ ಕೂಡದಿದ್ದಾಗಲೂ ಬೆರಳಿನ ಪರಿಣಾಮ ಇದ್ದೇ ಇತ್ತು. ಕ್ಯಾಟ್‌ಮರ್ ಮತ್ತು ಹೇಯ್ಸ್ ಹೇಳಿದ್ದೂ ಇದೇ: ಅನುಕರಣೆಯೆಂದರೆ ಬರಿಯ ಎಡ–ಬಲ ಅಲ್ಲ, ಎರಡರ ಕಾಲಗತಿ ಬೇರೆ.

ಕಾಲಗತಿ ಬೇರೆ ಎಂದಾಕ್ಷಣ ಯಂತ್ರವೂ ಬೇರೆ ಎಂದು ಯಾರಿಗಾದರೂ ಅನಿಸುತ್ತದೆ. ಒಂದಕ್ಕೆ ಕನ್ನಡಿ ನರಕೋಶ, ಇನ್ನೊಂದಕ್ಕೆ ಮತ್ತೇನೋ. ಮಾದರಿ ಕಟ್ಟಲು ಕುಳಿತಾಗ ಆ ಅನಿಸಿಕೆಯನ್ನು ಪ್ರೋಗ್ರಾಮಿನ ಸಾಲಿನಲ್ಲಿ ಬರೆದು ತೋರಿಸಬೇಕಾಯಿತು. ಏನೆಂದು ಬರೆಯುವುದು?

ಕಟ್ಟಿದ್ದು ಹೀಗೆ. ಪೈಥಾನ್‌ನಲ್ಲಿ ಎಂಟು ಪುಟ್ಟ ಘಟಕಗಳು. ಎರಡು ಬಣ್ಣಕ್ಕೆ, ಎರಡು ಕಂಡ ಬೆರಳಿಗೆ, ಎರಡು ಕಂಡ ಕಡೆಗೆ, ಎರಡು ಮಾಡಬೇಕಾದ ಕ್ರಿಯೆಗೆ. ಪ್ರತಿಯೊಂದಕ್ಕೂ ಒಂದು ಸಕ್ರಿಯತೆಯ ಮಟ್ಟ. ಮೆಕ್‌ಕ್ಲೆಲ್ಯಾಂಡ್ ಮತ್ತು ರುಮೆಲ್‌ಹಾರ್ಟ್ 1981ರಲ್ಲಿ ಪದಗಳನ್ನು ಓದುವ ಬಗ್ಗೆ ಮಾಡಿದ ಮಾದರಿಯಲ್ಲಿದ್ದಂತೆ ಇದು ಗರಿಷ್ಠ 1ರವರೆಗೆ ಏರಬಹುದು, ಕನಿಷ್ಠ −0.2ರವರೆಗೆ ಇಳಿಯಬಹುದು. ಪ್ರತಿ ಹೆಜ್ಜೆಯಲ್ಲೂ ಪ್ರತಿ ಘಟಕ ತನಗೆ ಬಂದದ್ದನ್ನೆಲ್ಲ ಕೂಡಿಸಿ ಏರುತ್ತದೆ ಅಥವಾ ಇಳಿಯುತ್ತದೆ, ಜೊತೆಗೆ ತಂತಾನೇ ಸ್ವಲ್ಪ ಸೋರಿಹೋಗುತ್ತದೆ. ಎರಡು ಕ್ರಿಯಾ ಘಟಕಗಳು ಒಂದನ್ನೊಂದು ಅದುಮುತ್ತವೆ. ಯಾವುದು ಮೊದಲು ನಿಗದಿತ ಮಟ್ಟ ದಾಟುತ್ತದೋ ಅದೇ ಉತ್ತರ, ತೆಗೆದುಕೊಂಡ ಹೆಜ್ಜೆಗಳ ಸಂಖ್ಯೆಯೇ ಪ್ರತಿಕ್ರಿಯಾ ಸಮಯ. ಪ್ರತಿ ಹೆಜ್ಜೆಗೂ ಒಂದಿಷ್ಟು ಯಾದೃಚ್ಛಿಕ ಗದ್ದಲ ಸೇರಿಸುತ್ತೇವೆ, ಇಲ್ಲದಿದ್ದರೆ ಪ್ರತಿ ಸಲವೂ ಒಂದೇ ಸಮಯ ಬರುತ್ತದೆ.

ಕ್ರಿಯೆಗೆ ಎರಡು ಹಾದಿ. ಬಣ್ಣದಿಂದ ಕ್ರಿಯೆಗೆ ಇರುವುದು ನಾನು ಸೂಚನೆ ಕೊಟ್ಟದ್ದರಿಂದ ಈಗಷ್ಟೇ ಹುಟ್ಟಿದ ಹಾದಿ, ಪ್ರಯೋಗ ಮುಗಿದರೆ ಅದೂ ಮುಗಿಯಿತು. ಕಂಡ ಬೆರಳಿನಿಂದ ಮತ್ತು ಕಂಡ ಕಡೆಯಿಂದ ಕ್ರಿಯೆಗೆ ಇರುವುದು ವರ್ಷಗಳ ಬಳಕೆಯಿಂದ ಸವೆದ ಹಾದಿ, ಬೇಡವೆಂದರೂ ಹರಿಯುವುದು ನಿಲ್ಲುವುದಿಲ್ಲ. ಇಷ್ಟೇ. ಅನುಕರಣೆಗೆಂದು ಪ್ರತ್ಯೇಕ ಪೆಟ್ಟಿಗೆ ಇಲ್ಲ. ಬೆರಳಿನ ಘಟಕವೂ ಕಡೆಯ ಘಟಕವೂ ಒಂದೇ ಸೂತ್ರಕ್ಕೆ ನಡೆಯುತ್ತವೆ.

ಹಾಗಾದರೆ ಕಾಲಗತಿ ಬೇರೆಯಾಗುವುದು ಹೇಗೆ? ಮಾಹಿತಿ ಬಂದು ಸೇರುವ ಹೊತ್ತಿನಿಂದ. ಪರದೆಯಲ್ಲಿ ಎಡಗಡೆ ಏನೋ ಅಲ್ಲಾಡಿತು ಎಂದು ತಿಳಿಯಲು ಅಲ್ಲಾಡಿದ್ದು ಏನು ಎಂದು ಗೊತ್ತಾಗಬೇಕಿಲ್ಲ. ತೋರುಬೆರಳೋ ಕಿರುಬೆರಳೋ ಎಂದು ತಿಳಿಯಲು ಮಾತ್ರ ಅದು ಯಾವ ಕೈ, ಹೆಬ್ಬೆರಳು ಯಾವ ಬದಿಗಿದೆ ಎಂಬುದೆಲ್ಲ ತೀರ್ಮಾನವಾಗಬೇಕು. ಆದ್ದರಿಂದ ನನ್ನ ಮಾದರಿಯಲ್ಲಿ ಕಡೆಯ ಘಟಕಕ್ಕೆ ಒಳಹರಿವು ಕೂಡಲೇ ಸಿಗುತ್ತದೆ, ಬೇಗ ಬತ್ತುತ್ತದೆ. ಬೆರಳಿನದು ತಡವಾಗಿ ಶುರುವಾಗಿ ಹಾಗೇ ಉಳಿಯುತ್ತದೆ. ಚುರುಕಾಗಿ ಉತ್ತರಿಸಿದ ಸುತ್ತುಗಳಲ್ಲಿ ಬೆರಳಿನ ಮಾಹಿತಿ ಇನ್ನೂ ದಾರಿಯಲ್ಲಿರುತ್ತದೆ. ನಿಧಾನವಾದವುಗಳಲ್ಲಿ ಕಡೆಯ ಮಾಹಿತಿ ಆಗಲೇ ಆರಿಹೋಗಿರುತ್ತದೆ. ಈ ವ್ಯತ್ಯಾಸ ಹಾಕಿ ಓಡಿಸಿದಾಗ ಐದು ಪಾಲುಗಳ ಎರಡು ಗೆರೆಗಳು ಪರದೆಯ ಮೇಲೆ ಒಂದನ್ನೊಂದು ಕತ್ತರಿಸಿಕೊಂಡು ಮೂಡಿದವು. ಹಾಸ್ಟೆಲಿನಲ್ಲಿ ಎಲ್ಲರೂ ಮಲಗಿದ್ದರು, ಕೂಗಿ ಹೇಳಲು ಯಾರೂ ಇರಲಿಲ್ಲ.

ಮರುದಿನ ತೋರಿಸಿದರೆ ಮೇಡಂ ಮುಖದಲ್ಲಿ ಏನೂ ಕಾಣಲಿಲ್ಲ. "ಎಷ್ಟು ಗುಂಡಿ ತಿರುಗಿಸಿದೆ?" ಎಂದು ಕೇಳಿದರು. ತೂಕಗಳು (ಯಾವ ಹಾದಿಯಲ್ಲಿ ಎಷ್ಟು ಜೋರಾಗಿ ಹರಿಯಬೇಕು ಎಂಬ ಅಂಕಿಗಳು), ಸೋರಿಕೆ, ಗದ್ದಲ, ಮಿತಿ, ತಡ ಎಂದು ಪಟ್ಟಿ ಹೇಳಿದೆ. "ಅಷ್ಟು ಗುಂಡಿ ಇದ್ದರೆ ಯಾವ ಗೆರೆಯನ್ನಾದರೂ ಎಳೆಯಬಹುದಲ್ಲ. ಈಗ ಎಲ್ಲವನ್ನೂ ಬೀಗ ಹಾಕು. ಸಮಯ ಹಿಂದುಮುಂದಾದ ಸುತ್ತುಗಳಿಗೆ ಇದೇ ಮಾದರಿ ಏನು ಹೇಳುತ್ತದೆ ಎಂದು ಬರೆದುಕೊಡು. ಬರೆದುಕೊಟ್ಟ ಮೇಲೆ ಆ ದತ್ತಾಂಶದ ಕಡತ ತೆರೆ."

ಗಣಕ ಮಾದರಿಗಳ ಬಗ್ಗೆ ನಾನು ಕಲಿತದ್ದರಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇಲ್ಲ. ಗೊತ್ತಿರುವ ಅಂಕಿಗಳಿಗೆ ಮಾದರಿಯನ್ನು ಹೊಂದಿಸುವುದು ತಾಳ್ಮೆಯ ಕೆಲಸ, ಅಷ್ಟೇ. ನೋಡದ ಅಂಕಿಯ ಬಗ್ಗೆ ಅದರ ಬಾಯಿಂದ ಮೊದಲೇ ಮಾತು ತೆಗೆಸುವುದು ಪರೀಕ್ಷೆ. ಬಣ್ಣಕ್ಕಿಂತ ಮೊದಲೇ ಬೆರಳು ಚಲಿಸುವ ಸುತ್ತುಗಳು, ಬಣ್ಣ ಬಂದು ಸ್ವಲ್ಪ ಹೊತ್ತಿನ ಮೇಲೆ ಚಲಿಸುವ ಸುತ್ತುಗಳು ನಮ್ಮಲ್ಲಿದ್ದವು. ಬೆರಳು ಮೊದಲೇ ಚಲಿಸಿದ್ದರೆ ಕಡೆಯ ಪರಿಣಾಮ ಕುಗ್ಗಬೇಕು, ಬೆರಳಿನದು ಉಳಿಯಬೇಕು. ತಡವಾಗಿ ಚಲಿಸಿದರೆ ಬೆರಳಿನದು ಮೊದಲು ಮಾಯವಾಗಬೇಕು ಎಂದಿತು ಮಾದರಿ. ಒಂದು ಹಾಳೆಯಲ್ಲಿ ಬರೆದು ಮೇಡಂ ಮೇಜಿನ ಮೇಲಿಟ್ಟು ಕಡತ ತೆರೆದೆ. ಆಕಾರ ಕೂಡಿಬಂತು. ಒಂದು ಕಡೆ ಕೂಡಲಿಲ್ಲ: ಚಲನೆ ಬಹಳ ಮುಂಚೆ ಆದಾಗ ಮಾದರಿಯಲ್ಲಿ ಕಡೆಯ ಪರಿಣಾಮ ಸೊನ್ನೆಗೆ ಬಂದರೆ, ಜನರಲ್ಲಿ ಸಣ್ಣದೊಂದು ಪಾಲು ಉಳಿದೇ ಇತ್ತು. ಚಾಚಿದ ಬೆರಳು ಪರದೆಯ ಮೇಲೆ ಹಾಗೇ ನಿಂತಿರುವುದರಿಂದ ಕಡೆಯ ಮಾಹಿತಿ ಪೂರ್ತಿ ಬತ್ತುವುದಿಲ್ಲ ಎಂದು ವಿವರಿಸಬಹುದು. ಗುಂಡಿಗೆ ಬೀಗ ಬಿದ್ದಿತ್ತಾದ್ದರಿಂದ ಅದನ್ನು ವಿವರಣೆಯಾಗಿಯೇ ಬರೆದೆ, ಮಾದರಿಗೆ ಸೇರಿಸಲಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಕೇಳಿದ ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ. "ಇದರಲ್ಲಿ ಕನ್ನಡಿ ನರಕೋಶ ಎಲ್ಲಿದೆಯಮ್ಮ?" ಕಂಡ ಬೆರಳಿನಿಂದ ಅದೇ ಬೆರಳಿನ ಕ್ರಿಯೆಗೆ ಹೋಗುವ ಹಾದಿಗೆಂದು ಮಾದರಿಯ ಚಿತ್ರದಲ್ಲಿ ಎಳೆದಿದ್ದ ಆ ಒಂದು ಬಾಣವನ್ನು ತೋರಿಸಿ, "ಬೇಕಿದ್ದರೆ ಇದನ್ನೇ ಹಾಗೆ ಕರೆಯಬಹುದು ಸರ್, ಆದರೆ ಅದು ಪಕ್ಕದ ಬಾಣಕ್ಕಿಂತ ಬೇರೆ ಕುಲದ್ದೇನಲ್ಲ" ಎಂದೆ. ಅವರು ಒಪ್ಪಲಿಲ್ಲ. ಆ ಕೋಶಗಳ ಹೆಸರಿನಲ್ಲಿ ಸಹಾನುಭೂತಿ, ಭಾಷೆ, ಕಲೆ ಎಲ್ಲವನ್ನೂ ಒಂದೇ ಗುಕ್ಕಿಗೆ ವಿವರಿಸುವವರ ಬಗ್ಗೆ ನನಗೆ ಮೊದಲಿಂದಲೂ ಅನುಮಾನ. ಮಾದರಿ ಕಟ್ಟಿದ ಮೇಲೆ ಅದು ಹೆಚ್ಚೇ ಆಗಿದೆ.

ಎರಡನೆಯ ಪ್ರಶ್ನೆ ಹೆಚ್ಚು ಮೊನಚಾದದ್ದು. "ಆ ಬಾಣದ ತೂಕ ಎಲ್ಲಿಂದ ಬಂತು?" ನಾನು ಕೈಯಾರೆ ಹಾಕಿದ್ದು. ಹುಟ್ಟಿನಿಂದ ಬಂದದ್ದೋ ಕಲಿತದ್ದೋ ಎಂಬುದರ ಬಗ್ಗೆ ನನ್ನ ಮಾದರಿಗೆ ಹೇಳಲು ಏನೂ ಇಲ್ಲ. ಹೇಯ್ಸ್ ಅವರ ವಾದ ಅದು ಕಲಿತದ್ದು ಎಂದು. ನಮ್ಮ ಕೈಯನ್ನು ನಾವೇ ನೋಡುತ್ತಾ ಅಲ್ಲಾಡಿಸುವುದರಿಂದ, ಕನ್ನಡಿಯಿಂದ, ದೊಡ್ಡವರು ಮಕ್ಕಳನ್ನು ಅನುಕರಿಸುವುದರಿಂದ ಕಂಡದ್ದಕ್ಕೂ ಮಾಡಿದ್ದಕ್ಕೂ ನಂಟು ಬೀಳುತ್ತದೆ. ಇದಕ್ಕೆ ಗಟ್ಟಿ ಪುರಾವೆ 2007ರಲ್ಲಿ ಕ್ಯಾಟ್‌ಮರ್, ವಾಲ್ಷ್, ಹೇಯ್ಸ್ ಮಾಡಿದ ಪ್ರಯೋಗ. ತೋರುಬೆರಳು ಕಂಡರೆ ಕಿರುಬೆರಳು, ಕಿರುಬೆರಳು ಕಂಡರೆ ತೋರುಬೆರಳು ಎಂದು ಜನರಿಗೆ ತಿರುಗುಮುರುಗಾಗಿ ಅಭ್ಯಾಸ ಮಾಡಿಸಿದರು. ಆಮೇಲೆ ಅವರು ಬೆರಳಿನ ಚಲನೆಯನ್ನು ಸುಮ್ಮನೆ ನೋಡುತ್ತಿರುವಾಗ ತಲೆಯ ಮೇಲಿನಿಂದ ಕಾಂತೀಯ ಮಿಡಿತ ಕೊಟ್ಟು ಬೆರಳಿನ ಸ್ನಾಯುವಿನ ಪ್ರತಿಕ್ರಿಯೆ ಅಳೆದರೆ, ಕನ್ನಡಿಯೇ ತಿರುಗಿಬಿದ್ದಿತ್ತು: ಕಿರುಬೆರಳಿನ ಸ್ನಾಯು ಕಿರುಬೆರಳಿನ ಚಲನೆ ಕಂಡಾಗ ಸ್ಪಂದಿಸುವುದಕ್ಕಿಂತ ತೋರುಬೆರಳಿನ ಚಲನೆ ಕಂಡಾಗಲೇ ಹೆಚ್ಚು ಸ್ಪಂದಿಸುತ್ತಿತ್ತು. ಹುಟ್ಟಿನಿಂದ ಬಿಗಿದು ಬಂದ ನಂಟಾಗಿದ್ದರೆ ಅಷ್ಟು ಬೇಗ ಮಗುಚುತ್ತಿರಲಿಲ್ಲ ಎಂದು ಉತ್ತರಿಸಿದೆ. "ಹಾಗಾದರೆ ನಿನ್ನ ಮಾದರಿಯೂ ಕಲಿಯಬೇಕು" ಎಂದರು ಅವರು, ಅಂಕಪಟ್ಟಿಯ ಮೇಲೆ ಏನೋ ಬರೆಯುತ್ತಾ.

ಈಗ ಉದ್ಯೋಗ ಮಾಡಿಕೊಂಡೇ ರಜಾದಿನಗಳಲ್ಲಿ ಅದನ್ನೇ ಬರೆಯುತ್ತಿದ್ದೇನೆ. ತೂಕಗಳೆಲ್ಲ ಸೊನ್ನೆಯಿಂದ ಶುರುವಾಗುತ್ತವೆ. ಕಂಡದ್ದೂ ಮಾಡಿದ್ದೂ ಒಟ್ಟಿಗೆ ಬಂದಾಗಲೆಲ್ಲ ಅವುಗಳ ನಡುವಿನ ತೂಕ ಒಂದು ಚೂರು ಏರುತ್ತದೆ. ಒಂದು ಮಾದರಿಗೆ ಪಕ್ಕದಲ್ಲಿ ಕುಳಿತು ಕಲಿತವರ ಅನುಭವ ಕೊಡುತ್ತೇನೆ, ಇನ್ನೊಂದಕ್ಕೆ ಎದುರು ಕುಳಿತು ಕಲಿತವರದು. ಎದುರು ಕುಳಿತದ್ದರಲ್ಲಿ ಬೆರಳಿನ ತೂಕವೂ ಕಡೆಯ ತೂಕವೂ ಒಂದಕ್ಕೊಂದು ವಿರುದ್ಧವಾಗಿ ಎಳೆಯುವುದರಿಂದ ಸದ್ಯಕ್ಕೆ ಅದು ಎಲ್ಲಿಯೂ ನೆಲೆ ನಿಲ್ಲುತ್ತಿಲ್ಲ. ಏರಿಕೆಯ ಪ್ರಮಾಣವನ್ನು ಕಡಿಮೆ ಮಾಡಿ, ಸುತ್ತುಗಳನ್ನು ಹೆಚ್ಚಿಸಿ ಓಡಲು ಬಿಟ್ಟಿದ್ದೇನೆ.